ಹಿಮೋಗ್ಲೋಬಿನ್ ಕುಸಿದಾಗ ಎಚ್‌ಐವಿ ಇರುವವರು ಮಾಡಬೇಕಾದದ್ದು

2009ರಲ್ಲಿ ಎಆರ್‌ಟಿ (ಎಚ್‌ಐವಿ ವೈರಸ್ ಹತ್ತಿಕ್ಕುವ ಮದ್ದು) ಮಾತ್ರೆ ಶುರುವಾದ ಎರಡನೆಯ ತಿಂಗಳಿಗೆ, ಕೊಡ ಹೊತ್ತು ಮೂರು ಮೆಟ್ಟಿಲು ಹತ್ತಿದರೆ ನನಗೆ ಏದುಸಿರು ಬರುತ್ತಿತ್ತು. ಅಂಗೈ ಗೆರೆಗಳು ಬಿಳಿಚಿಕೊಂಡಿದ್ದವು. ಅತ್ತೆ ದಿನವೂ ಬೀಟ್‌ರೂಟ್ ಬೇಯಿಸಿ ಕೊಟ್ಟರು. ತಿಂಗಳು ಕಳೆದು ಪರೀಕ್ಷಿಸಿದರೆ ಹಿಮೋಗ್ಲೋಬಿನ್ 6.8. ತಪ್ಪು ಊಟದ್ದಲ್ಲ, ಮಾತ್ರೆಯಲ್ಲಿದ್ದ ಜಿಡೋವುಡಿನ್‌ನದು. ಅದು ಮೂಳೆಯ ಮಜ್ಜೆಯಲ್ಲಿ ರಕ್ತಕಣ ಹುಟ್ಟುವುದನ್ನೇ ತಗ್ಗಿಸುತ್ತದೆ. ವೈದ್ಯರು ಮಾತ್ರೆ ಬದಲಿಸಿದ ಮೇಲೆ ಚೇತರಿಸಿಕೊಂಡೆ.

ಆದ್ದರಿಂದ ಮೊದಲು ನಿಮ್ಮ ಮಾತ್ರೆಯಲ್ಲಿ ಏನೇನಿದೆ ಎಂದು ಎಆರ್‌ಟಿ ಕೇಂದ್ರದಲ್ಲಿ ಕೇಳಿ. ಈಗ ಹೆಚ್ಚಿನವರಿಗೆ ಸಿಗುವ, ಮೂರು ಎಚ್‌ಐವಿ ಮದ್ದು ಸೇರಿದ ಟಿಎಲ್‌ಡಿ ಮಾತ್ರೆಯಲ್ಲಿ ಜಿಡೋವುಡಿನ್ ಇಲ್ಲ. ಏನೇ ಇರಲಿ, ನೀವಾಗಿಯೇ ಎಆರ್‌ಟಿ ನಿಲ್ಲಿಸಬೇಡಿ. ವೈರಸ್ ಹೆಚ್ಚಾದರೆ ರಕ್ತ ಇನ್ನೂ ಕುಸಿಯುತ್ತದೆ.

ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆಯ ಚೀಟಿಯಲ್ಲಿ ಎಂಸಿವಿ, ಅಂದರೆ ಕೆಂಪುಕಣದ ಗಾತ್ರ, ಎಂಬ ಸಾಲನ್ನು ವೈದ್ಯರಿಗೆ ತೋರಿಸಿ. ಕೆಂಪುಕಣ ಚಿಕ್ಕದಾಗಿದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ. ದೊಡ್ಡದಾಗಿದ್ದರೆ ಬಿ12, ಫೋಲಿಕ್ ಆಮ್ಲದ ಕೊರತೆ ಅಥವಾ ಜಿಡೋವುಡಿನ್ ಇರಬಹುದು. ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯವೂ ರಕ್ತ ಕುಗ್ಗಿಸುತ್ತದೆ. ಹೊಟ್ಟೆಹುಳು, ಮುಟ್ಟಿನ ಅತಿಸ್ರಾವ ಇದ್ದರೆ ಸಂಕೋಚವಿಲ್ಲದೆ ಹೇಳಿ.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಹೊತ್ತು ನೋಡಿ ನುಂಗಬೇಕು. ಎಚ್‌ಐವಿ ಇರುವವರ ನಮ್ಮ ಗುಂಪಿನ ಗರ್ಭಿಣಿಯೊಬ್ಬಳು ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣ, ಕ್ಯಾಲ್ಸಿಯಂ ಮತ್ತು ಟಿಎಲ್‌ಡಿಯನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು, ಬೆಳಗಿನ ಜಾವ ಖಾಲಿ ಹೊಟ್ಟೆಗೆ ಒಂದೇ ಗುಟುಕಿನಲ್ಲಿ ನುಂಗುತ್ತಿದ್ದಳು. ಮೂರು ಸಲ ಮಾತ್ರೆ ತೆಗೆದರೆ ಮನೆಯವರ ಕಣ್ಣಿಗೆ ಬೀಳುತ್ತದೆಂಬ ಭಯ ಅವಳದು. ಹಾಗೆ ನುಂಗಿದರೆ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಅನ್ನು ಹಿಡಿದಿಟ್ಟು, ಅದು ಮೈಗೆ ಸೇರದಂತೆ ಮಾಡುತ್ತವೆ. ಹೊಟ್ಟೆಯಲ್ಲಿರುವ ಮಗುವಿಗೂ ಅದೇ ಮದ್ದು ಕಾವಲು. ಕೇಂದ್ರದಲ್ಲಿ ವಿಚಾರಿಸಿ ಹೀಗೆ ಹೊಂದಿಸಿದೆವು: ಎಲ್ಲರೂ ಏಳುವ ಮುನ್ನ ಆರಕ್ಕೆ ಟಿಎಲ್‌ಡಿ, ಮಧ್ಯಾಹ್ನದ ಊಟವಾದ ಮೇಲೆ ಕಬ್ಬಿಣ, ರಾತ್ರಿ ಊಟದೊಂದಿಗೆ ಕ್ಯಾಲ್ಸಿಯಂ. ಲೆಕ್ಕ ಇಷ್ಟೇ: ಟಿಎಲ್‌ಡಿ ನುಂಗಿ ಎರಡು ಗಂಟೆ ಕಳೆದ ಮೇಲೆ ಕಬ್ಬಿಣ, ಕಬ್ಬಿಣ ಮೊದಲು ನುಂಗಿದ್ದರೆ ಟಿಎಲ್‌ಡಿಗೆ ಆರು ಗಂಟೆ ಕಾಯಬೇಕು.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಹೆದರಬೇಡಿ. ಊಟದ ಹೊತ್ತಿಗೆ ಚಹಾ ಬೇಡ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ. ತಿನ್ನುವವರಾದರೆ ಕುರಿಯ ಲಿವರ್ ಒಳ್ಳೆಯದು. ಕುಳಿತಲ್ಲೇ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ತಿಂಗಳಿಗೊಮ್ಮೆ ಮರುಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆಯೇ ಆಗಿದ್ದರೆ, ಅಂಕಿ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವ ದಿನವನ್ನು ವೈದ್ಯರೇ ಹೇಳಲಿ.