ಸೆಲ್ಸಿಯಸ್, ಫ್ಯಾರನ್‌ಹೀಟ್: ಬಾಯಿಲೆಕ್ಕದಲ್ಲೇ ಬದಲಿಸಿ

ಸೆಲ್ಸಿಯಸ್ ಮಾಪಕದಲ್ಲಿ ನೀರು 0 ಡಿಗ್ರಿಗೆ ಹೆಪ್ಪುಗಟ್ಟಿ 100ಕ್ಕೆ ಕುದಿಯುತ್ತದೆ. ಫ್ಯಾರನ್‌ಹೀಟ್‌ನಲ್ಲಿ 32ಕ್ಕೆ ಹೆಪ್ಪುಗಟ್ಟಿ 212ಕ್ಕೆ ಕುದಿಯುತ್ತದೆ. ಅಲ್ಲಿ 100 ಭಾಗ, ಇಲ್ಲಿ 180. ಹಾಗಾಗಿ 1 ಡಿಗ್ರಿ ಸೆಲ್ಸಿಯಸ್‌ನ ಏರಿಕೆ 1.8 ಡಿಗ್ರಿ ಫ್ಯಾರನ್‌ಹೀಟ್‌ಗೆ ಸಮ.

ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ: ಸಂಖ್ಯೆಯನ್ನು ಎರಡರಷ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ, 32 ಕೂಡಿಸಿ. 37ಕ್ಕೆ 74, ಅದರಲ್ಲಿ 7.4 ಹೋದರೆ 66.6, 32 ಸೇರಿ 98.6. ಇದು ಅಂದಾಜಲ್ಲ, ಕರಾರುವಾಕ್ಕಾದ ಲೆಕ್ಕ.

ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬರುವಾಗ ಮೊದಲು 32 ಕಳೆಯಬೇಕು. ಉಳಿದದ್ದರ ಅರ್ಧ ತೆಗೆದುಕೊಳ್ಳಿ. ಆ ಅರ್ಧದ ಹತ್ತನೇ ಒಂದು ಮತ್ತು ನೂರನೇ ಒಂದು ಭಾಗವನ್ನು ಅದಕ್ಕೇ ಸೇರಿಸಿ. ಥರ್ಮಾಮೀಟರ್ 101 ತೋರಿಸಿದರೆ: 32 ಕಳೆದು 69, ಅರ್ಧ 34.5, ಜೊತೆಗೆ 3.45 ಮತ್ತು 0.345. ಉತ್ತರ 38.3. ನೂರನೇ ಭಾಗ ಚಿಕ್ಕದೆಂದು ಬಿಟ್ಟರೆ 37.95 ಬರುತ್ತದೆ. ಸಾಮಾನ್ಯವಾಗಿ ಜ್ವರವೆಂದು ಪರಿಗಣಿಸುವ ಮಿತಿ 38, ಅಂದರೆ 100.4 ಫ್ಯಾರನ್‌ಹೀಟ್. ಇರುವ ಜ್ವರವೇ ಲೆಕ್ಕದಲ್ಲಿ ಮಾಯವಾಗುತ್ತದೆ! ಮಗುವಿನ ಮೈ ಸುಡುವಾಗ ಈ ಉಳಿತಾಯ ಬೇಡ.

32 ಕಳೆಯುವ ಮೊದಲೇ 1.8ರಿಂದ ಭಾಗಿಸಿದರೆ ಅದೇ 101ಕ್ಕೆ 24 ಸಿಗುತ್ತದೆ. ಅಂಥ ತಪ್ಪು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಕಾಣದೆ ನುಸುಳುವುದು ವ್ಯತ್ಯಾಸದ ಲೆಕ್ಕದ ತಪ್ಪು: ಜ್ವರ 2 ಡಿಗ್ರಿ ಸೆಲ್ಸಿಯಸ್ ಇಳಿದರೆ ಫ್ಯಾರನ್‌ಹೀಟ್‌ನಲ್ಲಿ ಇಳಿದದ್ದು 3.6. ಏರಿಳಿತಕ್ಕೆ 32ರ ಗೊಡವೆಯೇ ಇಲ್ಲ, 1.8ರಿಂದ ಗುಣಿಸಿದರೆ ಮುಗಿಯಿತು.

‘ಎರಡರಷ್ಟು ಮಾಡಿ 30 ಕೂಡಿಸಿ’ ಎಂಬ ಸುಲಭಸೂತ್ರ 10 ಡಿಗ್ರಿಯಲ್ಲಷ್ಟೇ ಸರಿ. 25ಕ್ಕೆ 77ರ ಬದಲು 80 ಕೊಡುತ್ತದೆ, ಹವಾಮಾನಕ್ಕೆ ಸಾಕು. ಅವನ್‌ಗೆ ಮಾತ್ರ ಬಳಸಬೇಡಿ: 180 ಡಿಗ್ರಿ ಎಂದರೆ 356, ಈ ಸೂತ್ರ ಹೇಳುವುದು 390. ಕೇಕಿನ ಮೇಲ್ಭಾಗ ಕಪ್ಪಾಗಿ ಒಳಗೆ ಹಸಿಯಾಗೇ ಉಳಿದೀತು.

ವಿಜ್ಞಾನದಲ್ಲಿ ಬಳಸುವ ತಾಪಮಾನದ ಮಾನವಾದ ಕೆಲ್ವಿನ್ ಬೇಕಿದ್ದರೆ ಸೆಲ್ಸಿಯಸ್‌ಗೆ 273.15 ಕೂಡಿಸಿ. ಅದರ ಹಿಂದೆ ‘ಡಿಗ್ರಿ’ ಹೇಳುವುದಿಲ್ಲ. ಬಲ್ಬಿನ ಪೊಟ್ಟಣದ ಮೇಲಿನ 2700 ಅಥವಾ 6500 ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಬಲ್ಬಿನ ಬಿಸಿಯದ್ದಲ್ಲ; ಅದನ್ನು ಸೆಲ್ಸಿಯಸ್‌ಗೆ ಇಳಿಸುವುದರಿಂದ ಪ್ರಯೋಜನವಿಲ್ಲ.

ಉತ್ತರ ತಾಳೆ ನೋಡಲು ಎರಡು ಜೋಡಿ ನೆನಪಿಡಿ: 16ಕ್ಕೆ ಸುಮಾರು 61, 28ಕ್ಕೆ ಸುಮಾರು 82. ಅಂಕಿಗಳನ್ನು ತಿರುವಿಹಾಕಿದರಾಯಿತು. ಸೊನ್ನೆಗಿಂತ ಕೆಳಗೆ, ಮೈನಸ್ 40ರಲ್ಲಿ ಎರಡೂ ಮಾಪಕಗಳು ಒಂದೇ ಸಂಖ್ಯೆ ತೋರಿಸುತ್ತವೆ.