ನ್ಯಾನೋತಂತ್ರಜ್ಞಾನದ ಜಾಡು ಹಿಡಿಯುವ ಬಗೆ: ಪ್ರಬಂಧ, ಪೇಟೆಂಟ್, ಟನ್ನು

ಬ್ಯಾಟರಿಗೆ ಬೆರೆಸುವ ಪುಡಿ, ಲಸಿಕೆ, ಟಿವಿ ಪರದೆ, ಸನ್‌ಸ್ಕ್ರೀನ್ ಎಲ್ಲಕ್ಕೂ ‘ನ್ಯಾನೋ’ ಎಂಬ ಒಂದೇ ಹಣೆಪಟ್ಟಿ ಅಂಟಿದೆ. ನ್ಯಾನೋ ಎಂದರೆ ಮೀಟರಿನ ನೂರು ಕೋಟಿಯ ಒಂದು ಭಾಗದ ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣದು. ಇಷ್ಟರ ಕುರಿತ ಸಂಶೋಧನಾ ಪ್ರಬಂಧ, ಪೇಟೆಂಟ್, ತಯಾರಾದ ಟನ್ನುಗಳನ್ನು ವರ್ಷವಾರು ಕೂಡಿಸಿ ಗ್ರಾಫ್ ಎಳೆದರೆ ಗೆರೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ, ಆದರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಹಾಗಾಗಿ ಮೊದಲು ಹರವು ಕಿರಿದಾಗಿಸಿಕೊಳ್ಳಿ. ಒಂದು ವಸ್ತು, ಅದರ ಒಂದು ಬಳಕೆ, ಹೀಗೆ ಜೋಡಿ ಮಾಡಿಕೊಳ್ಳಿ: ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಮತ್ತು ಲಿಥಿಯಂ ಬ್ಯಾಟರಿ, ಲಿಪಿಡ್ ನ್ಯಾನೋಕಣ (ಕೊಬ್ಬಿನಂಥ ವಸ್ತುವಿನ ಕಣ) ಮತ್ತು ಔಷಧ ಸಾಗಣೆ, ಕ್ವಾಂಟಂ ಡಾಟ್ (ಗಾತ್ರಕ್ಕೆ ತಕ್ಕಂತೆ ಬಣ್ಣ ಸೂಸುವ ಅರೆವಾಹಕ ಹರಳು) ಮತ್ತು ಪರದೆ. ಒಬ್ಬರು ಗಮನವಿಟ್ಟು ನೋಡಲು ಮೂರು-ನಾಲ್ಕು ಜೋಡಿ ಸಾಕು. ಒಂದೊಂದರ ವೇಗವೂ ಬೇರೆ. ಕ್ವಾಂಟಂ ಡಾಟ್‌ಗಳು ಲ್ಯಾಬಿನಲ್ಲಿ ಕಂಡದ್ದು 1980ರ ದಶಕದ ಆರಂಭದಲ್ಲಿ, ಟಿವಿಯೊಳಗೆ ಬಂದದ್ದು 2013ರಲ್ಲಿ, ನೊಬೆಲ್ ಸಿಕ್ಕಿದ್ದು 2023ರಲ್ಲಿ. ಲಿಪಿಡ್ ಕಣಗಳ ಕಥೆ ಬೇರೆ: ಅವುಗಳನ್ನು ಬಳಸುವ ಆರ್‌ಎನ್‌ಎ ಔಷಧಕ್ಕೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2018ರಲ್ಲಿ, ಎರಡೇ ವರ್ಷದಲ್ಲಿ ಅವು ಕೋವಿಡ್ ಲಸಿಕೆಗೂ ಬಂದವು. ಇವೆರಡರ ಸರಾಸರಿ ತೆಗೆದರೆ ಎರಡರ ವಿಷಯವೂ ತಪ್ಪಾಗುತ್ತದೆ.

ಪ್ರಬಂಧಗಳ ಹುಡುಕಾಟ

ಹೆಚ್ಚಿನವರು ಎಡವುವುದು ಇಲ್ಲೇ. ಆ ಅಕ್ಷರಗಳಿಂದ ಶುರುವಾಗುವ ಪದಗಳೆಲ್ಲ ಸಿಗಲಿ ಎಂದು ‘ನ್ಯಾನೋ’ (nano) ಬರೆದು ಮುಂದೆ ನಕ್ಷತ್ರ ಚಿಹ್ನೆ (*) ಹಾಕಿ ಹುಡುಕಿದರೆ ನ್ಯಾನೋಸೆಕೆಂಡ್, ನ್ಯಾನೋಗ್ರಾಂ, ನ್ಯಾನೋಲೀಟರ್, ನ್ಯಾನೋಮೋಲಾರ್, ಸಮುದ್ರದ ನ್ಯಾನೋಪ್ಲಾಂಕ್ಟನ್, ಪುಟ್ಟ ಉಪಗ್ರಹಗಳಾದ ನ್ಯಾನೋಸ್ಯಾಟಲೈಟ್ ಎಲ್ಲವೂ ಬಂದು ಬೀಳುತ್ತವೆ. ಇವೆಲ್ಲಕ್ಕಿಂತ ಕಪಟದ್ದು ಸೋಡಿಯಂ ನೈಟ್ರೇಟ್. ಅದರ ರಾಸಾಯನಿಕ ಸೂತ್ರ (NaNO3) ಇಂಗ್ಲಿಷಿನಲ್ಲಿ ಶುರುವಾಗುವುದೇ ‘ನ್ಯಾನೋ’ದ ನಾಲ್ಕು ಅಕ್ಷರಗಳಿಂದ. ದೊಡ್ಡಕ್ಷರ ಚಿಕ್ಕಕ್ಷರದ ಭೇದ ಮಾಡದ ಡೇಟಾಬೇಸ್‌ಗಳು ನೈಟ್ರೇಟ್, ನೈಟ್ರೈಟ್ ಕುರಿತ ಪ್ರಬಂಧಗಳನ್ನೆಲ್ಲ ನಿಮ್ಮ ಲೆಕ್ಕಕ್ಕೆ ತಳ್ಳುತ್ತವೆ. ಈ ಪದಗಳನ್ನು ಹೊರಗಿಡುವ ಪಟ್ಟಿಯನ್ನು ಹುಡುಕಾಟಕ್ಕೆ ಸೇರಿಸಿ. ಆದರೆ ಆ ಪದಗಳಿರುವ ಪ್ರಬಂಧಗಳನ್ನು ಸಾರಾಸಗಟಾಗಿ ತೆಗೆದುಹಾಕಬೇಡಿ. ನ್ಯಾನೋಕಣದ ಒಳ್ಳೆಯ ಪ್ರಬಂಧದಲ್ಲೂ ‘ನ್ಯಾನೋಸೆಕೆಂಡ್ ಲೇಸರ್’ ಎಂಬ ಮಾತು ಇರಬಹುದು. ಅಂಥ ಪದವನ್ನು ಬಿಟ್ಟರೆ ಬೇರೆ ಯಾವ ನ್ಯಾನೋ ಪದವೂ ಇಲ್ಲದ ಪ್ರಬಂಧವನ್ನಷ್ಟೇ ಕೈಬಿಡಿ.

ಇನ್ನೊಂದು ಮಗ್ಗುಲಲ್ಲಿ, ಬರಬೇಕಾದವು ಬರುವುದಿಲ್ಲ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್, ಫುಲ್ಲರೀನ್, ಕ್ವಾಂಟಂ ಡಾಟ್, ಡೆಂಡ್ರಿಮರ್, ಲೈಪೋಸೋಮ್, 2011ರಲ್ಲಿ ಪತ್ತೆಯಾದ ಮ್ಯಾಕ್ಸೀನ್ ಇವೆಲ್ಲ ನ್ಯಾನೋ ವಸ್ತುಗಳೇ, ಆದರೆ ಯಾವುವೂ ತಮ್ಮ ಹೆಸರಿನಲ್ಲಿ ‘ನ್ಯಾನೋ’ ಇಟ್ಟುಕೊಂಡಿಲ್ಲ. ಇವನ್ನು ಹೆಸರು ಹಿಡಿದೇ ಸೇರಿಸಬೇಕು. ಹುಡುಕಾಟವನ್ನು ಶೀರ್ಷಿಕೆ ಮತ್ತು ಸಾರಾಂಶಕ್ಕೆ ಸೀಮಿತಗೊಳಿಸಿ. ಪೂರ್ಣ ಪಠ್ಯದಲ್ಲಿ ಹುಡುಕಿದರೆ ಲೇಖಕರ ವಿಭಾಗದ ಹೆಸರಲ್ಲೋ ಕೃತಜ್ಞತೆಯ ಸಾಲಲ್ಲೋ ‘ನ್ಯಾನೋ’ ಇದ್ದ ಮಾತ್ರಕ್ಕೆ ಪ್ರಬಂಧ ಒಳಗೆ ಬಂದುಬಿಡುತ್ತದೆ. ದುಡ್ಡು ಕೊಡದೆ ಕೆಲಸ ಮಾಡಬೇಕೆಂದರೆ ಓಪನ್‌ಅಲೆಕ್ಸ್ ಮತ್ತು ಲೆನ್ಸ್ ಎಂಬ ಡೇಟಾಬೇಸ್‌ಗಳಿವೆ. ಲೆನ್ಸ್‌ನಲ್ಲಿ ಪ್ರಬಂಧ, ಪೇಟೆಂಟ್ ಎರಡೂ ಒಂದೇ ಕಡೆ ಸಿಗುವುದರಿಂದ ಹೊಸಬರಿಗೆ ಅದೇ ಅನುಕೂಲ.

ಹುಡುಕಾಟ ಸಿದ್ಧವಾದ ಮೇಲೆ ಎರಡು ಪರೀಕ್ಷೆ ಮಾಡಿ. ಸಿಕ್ಕಿದ್ದರಲ್ಲಿ ಯಾದೃಚ್ಛಿಕವಾಗಿ 100 ಪ್ರಬಂಧ ಆರಿಸಿ ಸಾರಾಂಶ ಓದಿ. ಹತ್ತಕ್ಕಿಂತ ಹೆಚ್ಚು ಸಂಬಂಧವಿಲ್ಲದವು ಕಂಡರೆ ಹೊರಗಿಡುವ ಪಟ್ಟಿ ಸಾಲದು. ನಂತರ ಆ ಕ್ಷೇತ್ರದವರು ಒಪ್ಪುವ 30 ಮುಖ್ಯ ಪ್ರಬಂಧಗಳ ಪಟ್ಟಿ ಹಿಡಿದು, ಅವು ನಿಮ್ಮ ಬಲೆಗೆ ಬಿದ್ದಿವೆಯೇ ನೋಡಿ. ಐದಾರು ತಪ್ಪಿಸಿಕೊಂಡಿದ್ದರೆ ಯಾವ ಪದ ಇಲ್ಲದ್ದಕ್ಕೆ ತಪ್ಪಿತು ಎಂದು ಅವೇ ಹೇಳುತ್ತವೆ.

ಎಣಿಸುವಾಗಲೂ ಜೋಪಾನ. ಮೂರು ದೇಶದವರು ಕೂಡಿ ಬರೆದ ಪ್ರಬಂಧವನ್ನು ಮೂರೂ ದೇಶಕ್ಕೆ ಪೂರ್ತಿ ಒಂದೊಂದಾಗಿ ಬರೆಯುವುದು ಒಂದು ಕ್ರಮ, ಪಾಲು ಹಂಚುವುದು ಇನ್ನೊಂದು. ದೇಶಗಳನ್ನು ಹೋಲಿಸುವುದಾದರೆ ಪಾಲು ಹಂಚುವುದೇ ಸರಿ. ಕೊನೆಯ ವರ್ಷದ ಅಂಕಿಯನ್ನು ಗ್ರಾಫಿನಲ್ಲಿ ತೋರಿಸಬೇಡಿ. ಡೇಟಾಬೇಸ್‌ಗೆ ಪ್ರಬಂಧಗಳು ಸೇರುವುದು ತಡವಾಗುವುದರಿಂದ ಅಲ್ಲಿ ಗೆರೆ ಸುಳ್ಳುಸುಳ್ಳೇ ಇಳಿಯುತ್ತದೆ.

ಪೇಟೆಂಟ್

ಪೇಟೆಂಟ್ ಕಚೇರಿಗಳು ಅರ್ಜಿಗಳನ್ನು ವಿಷಯವಾರು ವಿಂಗಡಿಸಲು ಸಂಕೇತಗಳನ್ನು ಬಳಸುತ್ತವೆ. ನ್ಯಾನೋಗೆಂದೇ ಇರುವ ವರ್ಗೀಕರಣ ಸಂಕೇತ ಬಿ82ವೈ (B82Y). ಅದರಲ್ಲಿ 5 ಎಂದರೆ ಜೈವಿಕ ಮತ್ತು ವೈದ್ಯಕೀಯ, 10 ಮಾಹಿತಿ ಸಂಸ್ಕರಣೆ, 20 ದೃಗ್ವಿಜ್ಞಾನ, 30 ವಸ್ತು ಮತ್ತು ಮೇಲ್ಮೈ, 40 ತಯಾರಿಕೆ. ಇದು ಪೂರಕ ಸಂಕೇತ. ಆವಿಷ್ಕಾರದ ಮುಖ್ಯ ಸಂಕೇತ ಬೇರೆ ಇರುತ್ತದೆ, ಬಿ82ವೈ ಅದರ ಜೊತೆಗೆ ಅಂಟುತ್ತದೆ, ಕೆಲವೊಮ್ಮೆ ಅಂಟುವುದೇ ಇಲ್ಲ. ಆದ್ದರಿಂದ ವಸ್ತುವಿನ ಸ್ವಂತ ಸಂಕೇತವನ್ನೂ ಸೇರಿಸಿ: ನ್ಯಾನೋಟ್ಯೂಬ್‌ಗೆ ಸಿ01ಬಿ (C01B) 32/158, ಗ್ರಾಫೀನ್‌ಗೆ ಸಿ01ಬಿ 32/182.

ಅರ್ಜಿ ಹಾಕಿದ 18 ತಿಂಗಳ ನಂತರವೇ ಸಾಮಾನ್ಯವಾಗಿ ಪೇಟೆಂಟ್ ಅರ್ಜಿ ಪ್ರಕಟವಾಗುವುದು. ಹಾಗಾಗಿ ಇಂದು ನೀವು ನೋಡುವ ‘ಹೊಸ’ ಅಲೆ ಒಂದೂವರೆ ವರ್ಷ ಹಳೆಯದು. ಒಂದೇ ಆವಿಷ್ಕಾರ ಐದು ದೇಶಗಳಲ್ಲಿ ಅರ್ಜಿಯಾದರೆ ಐದು ಎಂದು ಎಣಿಸದೆ ಕುಟುಂಬವೆಂದು ಒಂದೇ ಎಣಿಸಿ. ಚೀನಾದ ಅಂಕಿ ನೋಡುವಾಗ ಯುಟಿಲಿಟಿ ಮಾಡೆಲ್‌ಗಳನ್ನು ಬೇರ್ಪಡಿಸಿ. ಅವು ಆಳವಾದ ಪರೀಕ್ಷೆಯಿಲ್ಲದೆ ಸಿಗುವ, 10 ವರ್ಷ ಮಾತ್ರ ಬಾಳುವ ಹಕ್ಕುಗಳು. ದೇಶಗಳ ನಡುವೆ ಹೋಲಿಕೆ ಬೇಕಿದ್ದರೆ ಎರಡು ಅಥವಾ ಹೆಚ್ಚು ಕಚೇರಿಗಳಲ್ಲಿ ಅರ್ಜಿ ಹಾಕಿದ ಕುಟುಂಬಗಳನ್ನಷ್ಟೇ ತೆಗೆದುಕೊಳ್ಳಿ. ಹೊರದೇಶದಲ್ಲಿ ಅರ್ಜಿ ಹಾಕಲು ಖರ್ಚಿದೆ, ನಂಬಿಕೆ ಇಲ್ಲದೆ ಯಾರೂ ಆ ಖರ್ಚು ಮಾಡುವುದಿಲ್ಲ.

ಎಷ್ಟು ಅರ್ಜಿ ಬಂದವು ಎನ್ನುವುದಕ್ಕಿಂತ ಎಷ್ಟು ಪೇಟೆಂಟ್ ಇನ್ನೂ ಜೀವಂತ ಇವೆ ಎನ್ನುವುದು ನಮ್ಮ ಮಟ್ಟಿಗೆ ಹೆಚ್ಚು ಬೆಲೆಯ ಮಾಹಿತಿ. ಅಮೆರಿಕದಲ್ಲಿ ಮಂಜೂರಾದ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಕ್ಕೆ ನವೀಕರಣ ಶುಲ್ಕ ಕಟ್ಟಬೇಕು. ಏಳೂವರೆ ವರ್ಷದ ಕಂತನ್ನು ಕಂಪನಿ ಬಿಟ್ಟರೆ ಆ ದಾರಿಯ ಮೇಲೆ ಅದಕ್ಕೆ ಆಸೆ ಉಳಿದಿಲ್ಲ ಎಂದೇ ಬಹುತೇಕ ಅರ್ಥ. ಇಂಥ ಸುದ್ದಿಗೆ ಯಾರೂ ಪತ್ರಿಕಾ ಪ್ರಕಟಣೆ ಕೊಡುವುದಿಲ್ಲ, ಕಾನೂನು ಸ್ಥಿತಿಯ ಪುಟದಲ್ಲಿ ನೀವೇ ಹುಡುಕಿಕೊಳ್ಳಬೇಕು.

ಮಾರುಕಟ್ಟೆಗೆ ಬಂತೋ ಇಲ್ಲವೋ

ಮಾರುಕಟ್ಟೆ ವರದಿಗಳ ಲಕ್ಷ ಕೋಟಿ ಅಂಕಿಗಳನ್ನು ಕೊನೆಗೆ ನೋಡಿ, ಅದೂ ಅನುಮಾನದಿಂದ. 2004ರಲ್ಲಿ ಲಕ್ಸ್ ರಿಸರ್ಚ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2014ರ ಹೊತ್ತಿಗೆ ನ್ಯಾನೋ ಬಳಸಿದ ಸರಕುಗಳ ಮೌಲ್ಯ 2.6 ಲಕ್ಷ ಕೋಟಿ ಡಾಲರ್ ಆಗುವುದೆಂದಿತ್ತು. ಅಂಥ ಲೆಕ್ಕದಲ್ಲಿ ಕಾರಿನ ಒಂದು ಭಾಗಕ್ಕೆ ನ್ಯಾನೋ ಲೇಪನವಿದ್ದರೆ ಇಡೀ ಕಾರಿನ ಬೆಲೆ ಸೇರಿಬಿಡಬಹುದು. ವರದಿ ಕೈಗೆ ಬಂದರೆ ಮೊದಲು ಕೇಳಬೇಕಾದ್ದು: ಎಣಿಸಿದ್ದು ಪುಡಿಯ ಬೆಲೆಯನ್ನೋ, ಪುಡಿ ಬೆರೆಸಿದ ಬಿಡಿಭಾಗದ್ದೋ, ಅಂತಿಮ ಸರಕಿನದ್ದೋ? ಉತ್ತರ ಇಲ್ಲದ ವರದಿ ಪಕ್ಕಕ್ಕಿಡಿ.

ಅದರ ಬದಲು ಟನ್ನು ನೋಡಿ. ಯುರೋಪಿನಲ್ಲಿ ರಾಸಾಯನಿಕಗಳ ನೋಂದಣಿಗಿರುವ ರೀಚ್ (REACH) ನಿಯಮದಡಿ ರಾಸಾಯನಿಕಗಳು ವರ್ಷಕ್ಕೆ 1–10, 10–100, 100–1000, 1000 ಟನ್ನಿಗೂ ಮೇಲೆ ಎಂಬ ಹಂತಗಳಲ್ಲಿ ನೋಂದಣಿಯಾಗುತ್ತವೆ. 2020ರ ಜನವರಿ 1ರಿಂದ ನ್ಯಾನೋರೂಪಗಳ ವಿವರ ಪ್ರತ್ಯೇಕವಾಗಿ ಕೊಡಲೇಬೇಕು. ಫ್ರಾನ್ಸ್ 2013ರಿಂದ ವರ್ಷಕ್ಕೆ 100 ಗ್ರಾಂ ದಾಟಿದ ನ್ಯಾನೋವಸ್ತುವನ್ನೆಲ್ಲ ಘೋಷಿಸಬೇಕೆನ್ನುತ್ತದೆ. ಇಲ್ಲೊಂದು ಗುಂಡಿ ಇದೆ. ಇಂಥ ದಾಖಲೆಗಳಲ್ಲಿ ತೂಕದ ಸಿಂಹಪಾಲು ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಇಂಗಾಲದ ಪುಡಿ), ಸಿಲಿಕಾದಂಥವುಗಳದ್ದು. ಟೈರಿಗೆ ಕಾರ್ಬನ್ ಬ್ಲ್ಯಾಕ್ ಸೇರಿಸುವುದು ನೂರು ವರ್ಷದ ಹಳೆಯ ಕೆಲಸ. ಅಳತೆಯ ವ್ಯಾಖ್ಯಾನದಿಂದಾಗಿ ಅದು ನ್ಯಾನೋ ಪಟ್ಟಿಗೆ ಬಂದಿದೆ, ಹೊಸ ತಂತ್ರಜ್ಞಾನ ಬಂದದ್ದಕ್ಕಲ್ಲ. ಒಟ್ಟು ಟನ್ನು ಹೇಳುವ ಮೊದಲು ಇವನ್ನು ಕಳೆಯಿರಿ.

ನ್ಯಾನೋಟ್ಯೂಬ್‌ನ ಉದಾಹರಣೆಯಲ್ಲಿ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಪ್ರಬಂಧಗಳು 1991ರ ನಂತರ ಏರುತ್ತಲೇ ಹೋದವು, ಪೇಟೆಂಟ್‌ಗಳೂ ಏರಿದವು. ಬೇಯರ್ ಕಂಪನಿ ಜರ್ಮನಿಯಲ್ಲಿ ವರ್ಷಕ್ಕೆ 200 ಟನ್ ಸಾಮರ್ಥ್ಯದ ಘಟಕ ಕಟ್ಟಿತು, 2013ರಲ್ಲಿ ಆ ವ್ಯವಹಾರದಿಂದಲೇ ಹೊರಬಂತು. ಆಗ ಗ್ರಾಫ್ ನೋಡಿದವರಿಗೆ ನ್ಯಾನೋಟ್ಯೂಬ್ ಮುಗಿಯಿತು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಮುಂದೆ ವಿದ್ಯುತ್ ವಾಹನಗಳ ಬ್ಯಾಟರಿ ಬಂತು. ಎಲೆಕ್ಟ್ರೋಡ್‌ನಲ್ಲಿ ವಿದ್ಯುತ್ ಹರಿಯಲು ಅದೇ ವಸ್ತು ಬೇಕಾಯಿತು, ಎಲ್‌ಜಿ ಕೆಮ್‌ನಂಥವರು ಸಾವಿರ ಟನ್ನಿನ ಲೆಕ್ಕದಲ್ಲಿ ಘಟಕ ಹಾಕಿದರು. ವಸ್ತುವಿನ ಜೊತೆ ಬಳಕೆಯನ್ನೂ ಜೋಡಿಸಿ ನೋಡಿ ಎಂದದ್ದು ಇದಕ್ಕೇ.

ಗುಣಮಟ್ಟವನ್ನೂ ಬಿಡಬೇಡಿ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 60 ತಯಾರಕರ ಗ್ರಾಫೀನ್ ಪರೀಕ್ಷಿಸಿತು. ಹೆಚ್ಚಿನ ಮಾದರಿಗಳಲ್ಲಿ ನಿಜವಾದ ಗ್ರಾಫೀನ್ ಶೇ 10ಕ್ಕಿಂತ ಕಡಿಮೆ ಇತ್ತು, ಉಳಿದದ್ದೆಲ್ಲ ಬಹುಪಾಲು ಗ್ರಾಫೈಟ್. ಗ್ರಾಹಕ ಸರಕುಗಳ ಪಟ್ಟಿಗಳದ್ದೂ ಇದೇ ಹಾಡು: ಅಮೆರಿಕದಲ್ಲಿ ಸಿದ್ಧಪಡಿಸಿದ, ಹಲವು ದೇಶಗಳ 1,814 ಸರಕುಗಳಿದ್ದ ಪಟ್ಟಿಯಲ್ಲಿ ಶೇ 71ರಷ್ಟಕ್ಕೆ ನ್ಯಾನೋ ಇದೆ ಎನ್ನಲು ಸಾಕಷ್ಟು ಆಧಾರವೇ ಇರಲಿಲ್ಲ. ಕಂಪ್ಯೂಟರ್ ಚಿಪ್ಪುಗಳ ‘3 ನ್ಯಾನೋಮೀಟರ್’ ಕೂಡ ತಲೆಮಾರಿನ ಹೆಸರಷ್ಟೇ, ಚಿಪ್ಪಿನೊಳಗೆ ಅಳೆದು ಬಂದ ಅಂಕಿಯಲ್ಲ.

ದಾಖಲೆ ಇಡುವುದು

ಒಂದು ಜೋಡಿಗೆ ಒಂದು ಶೀಟ್. ಸಾಲಿಗೊಂದು ಸಂಗತಿ: ದಿನಾಂಕ, ಯಾರು, ಏನು, ಎಷ್ಟು ಟನ್ ಅಥವಾ ಎಷ್ಟು ಹಣ, ಅದು ಘೋಷಣೆಯೋ ಕಟ್ಟಡದ ಹಂತವೋ ಉತ್ಪಾದನೆಯೋ. ಈ ಕೊನೆಯ ಕಾಲಂ ಇಲ್ಲದಿದ್ದರೆ ಘೋಷಿಸಿದ ಸಾಮರ್ಥ್ಯವನ್ನೇ ತಯಾರಾದ ಸರಕೆಂದು ಕೂಡಿಸಿಬಿಡುತ್ತೀರಿ. ಕಂಪನಿಗಳ ಸುದ್ದಿಯನ್ನು ತಿಂಗಳಿಗೊಮ್ಮೆ, ಪೇಟೆಂಟನ್ನು ಮೂರು ತಿಂಗಳಿಗೊಮ್ಮೆ, ಪ್ರಬಂಧ ಮತ್ತು ನೋಂದಣಿ ಟನ್ನನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಇದಕ್ಕಿಂತ ಹೆಚ್ಚು ಸಲ ನೋಡಿದರೆ ಕಾಣುವುದು ಗದ್ದಲ ಮಾತ್ರ.

ಬಳಸಿದ ಹುಡುಕಾಟವನ್ನು ಅಕ್ಷರಶಃ ಶೀಟಿನಲ್ಲೇ ಅಂಟಿಸಿ, ನ್ಯಾನೋವಸ್ತುವಿಗೆ ಯಾವ ವ್ಯಾಖ್ಯಾನ ಹಿಡಿದಿರಿ ಎಂದೂ ಬರೆಯಿರಿ. ಯುರೋಪಿನ ಶಿಫಾರಸೇ 2011ರದ್ದೊಂದು, 2022ರದ್ದೊಂದು ಇದೆ. ಹೊಸ ವಸ್ತುವಿನ ಹೆಸರು ಸೇರಿಸಿ ಹುಡುಕಾಟ ಬದಲಿಸಿದ ದಿನ, ಈ ವರ್ಷದ್ದಷ್ಟೇ ಅಲ್ಲ, ಹಿಂದಿನ ಎಲ್ಲ ವರ್ಷಗಳ ಎಣಿಕೆಯನ್ನೂ ಮೊದಲಿನಿಂದ ಮಾಡಿ.