ಚಡವು ಹತ್ತುವ ಬೈಕಿಗೆ ಎಷ್ಟು ಹಲ್ಲು?

"ಅಣ್ಣಾ, ಹಿಂದೆ 45 ಹಲ್ಲು ಹಾಕಿದರೆ ಗುಡ್ಡೆ ಹತ್ತುತ್ತದಾ?"

ಮುಳ್ಳೇರಿಯ ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹುಡುಗನೊಬ್ಬ ಕೇಳಿದ್ದು ಇದು. ಹಲ್ಲು ಎಂದರೆ ಸ್ಪ್ರಾಕೆಟಿನದು, ಚೈನ್ ಕೂರುವ ಹಲ್ಲಿನ ತಟ್ಟೆಯದು. ಅವನ ಬೈಕಿನ ಟಯರಿಗೆ ಕೆಂಪು ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಮನೆ ಗುಡ್ಡೆಯ ಮೇಲೆ, ಕೆಲಸ ಕಾಸರಗೋಡು ಪೇಟೆಯಲ್ಲಿ, ರಜೆಯ ದಿನ ಪೊಸಡಿಗುಂಪೆ ಕಡೆ ಸವಾರಿ. "ಮೊದಲು ನಿನ್ನ ಎಡಗೈ ಎಲ್ಲಿ ನೋಯುತ್ತದೆ ಹೇಳು" ಎಂದೆ. ಚೈನ್ ವಿಷಯಕ್ಕೂ ಕೈ ನೋವಿಗೂ ಎಂತ ಸಂಬಂಧ ಎಂಬಂತೆ ಮುಖ ನೋಡಿದ.

ಸಂಬಂಧ ಇದೆ. ಮುರಕಲ್ಲಿನ ಚಡವಿನಲ್ಲಿ ಮೊದಲ ಗೇರಿನಲ್ಲೂ ಕ್ಲಚ್ ಪೂರ್ತಿ ಬಿಡಲಾಗದೆ ಅರ್ಧ ಹಿಡಿದುಕೊಂಡೇ ಹತ್ತುತ್ತಿದ್ದೀರಿ ಎಂದರೆ ಗಾಡಿಯ ಗೇರು ಆ ದಾರಿಗೆ ಉದ್ದವಾಯಿತು ಎಂದರ್ಥ. ನಡಿಗೆಯ ವೇಗದಲ್ಲಿ ಹೋಗಬೇಕಾದ ಕಡೆ ಇಂಜಿನ್ ಅದಕ್ಕಿಂತ ವೇಗ ಕೇಳುತ್ತದೆ, ನಡುವಿನ ವ್ಯತ್ಯಾಸವನ್ನು ಕ್ಲಚ್ ಪ್ಲೇಟು ಸುಟ್ಟುಕೊಂಡು ತುಂಬಿಸುತ್ತದೆ. ಹಾಗಾಗಿ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ. ಒಂದು ವಾರ ದಿನವೂ ಹೋಗುವ ದಾರಿಯಲ್ಲೇ ಹೋಗಿ, ಎಲ್ಲೆಲ್ಲಿ ಕ್ಲಚ್ ಹಿಡಿಯಬೇಕಾಯಿತು, ಎಲ್ಲಿ ಇಂಜಿನ್ ಗುದ್ದಿಕೊಂಡು ನಿಂತಿತು ಎಂದು ಗಮನಿಸಿ. ಹಿಂದಿನ ಚಕ್ರ ನಿಂತಲ್ಲೇ ಗರಗರ ತಿರುಗಿ ಮಣ್ಣು ಹಾರಿಸುತ್ತಿದ್ದರೆ ಅದು ಬೇರೆ ಕಾಯಿಲೆ. ಅದಕ್ಕೆ ಟಯರ್ ಬದಲಿಸಬೇಕು, ಗಾಳಿ ಸ್ವಲ್ಪ ಇಳಿಸಬೇಕು. ಸ್ಪ್ರಾಕೆಟ್ ಬದಲಿಸಿದರೆ ಚಕ್ರ ಇನ್ನೂ ಜೋರಾಗಿ ಜಾರುತ್ತದೆ, ಅಷ್ಟೆ.

ಹಲ್ಲಿನ ಲೆಕ್ಕ

ಇಂಜಿನಿನ ಬದಿಯ ಸಣ್ಣ ಸ್ಪ್ರಾಕೆಟಿನಲ್ಲೂ ಚಕ್ರದ ದೊಡ್ಡದರಲ್ಲೂ ಹಲ್ಲೆಷ್ಟು ಎಂದು ಎಣಿಸಿ. ಹೆಚ್ಚಿನವುಗಳ ಮೇಲೆ ಸಂಖ್ಯೆಯನ್ನೇ ಅಚ್ಚೊತ್ತಿರುತ್ತಾರೆ, ಮಣ್ಣು ಒರೆಸಿದರೆ ಕಾಣುತ್ತದೆ. ಹಿಂದಿನದನ್ನು ಮುಂದಿನದರಿಂದ ಭಾಗಿಸಿ. ಲೆಕ್ಕಕ್ಕೆ ಮುಂದೆ 13, ಹಿಂದೆ 39 ಎಂದಿಟ್ಟುಕೊಳ್ಳೋಣ. ಅನುಪಾತ 3.00. ಮುಂದಿನ ಸ್ಪ್ರಾಕೆಟ್ ಮೂರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಈ ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು, ವೇಗ ಕಡಿಮೆ. ರಾಯಲ್ ಎನ್‌ಫೀಲ್ಡಿನ ಹಳೆಯ 411 ಸಿಸಿ ಹಿಮಾಲಯನ್ ಬರುತ್ತಿದ್ದದ್ದು 15/38ರಲ್ಲಿ (ಮುಂದೆ 15, ಹಿಂದೆ 38), ಅಂದರೆ ಸುಮಾರು 2.53. ರೇಸಿಗೆಂದೇ ಮಾಡಿದ 250 ಸಿಸಿ ಮೋಟೋಕ್ರಾಸ್ ಗಾಡಿಗಳಲ್ಲಿ 13/50ರ ಆಸುಪಾಸು, 3.85. ಮೊದಲನೆಯದು ದೂರ ಹೋಗಲಿಕ್ಕೆ ಹುಟ್ಟಿದ್ದು, ಎರಡನೆಯದು ಗದ್ದೆಯಷ್ಟು ಜಾಗದಲ್ಲಿ ಹಾರಲಿಕ್ಕೆ.

ನಮ್ಮ 13/39ರಲ್ಲಿ ಮುಂದೆ ಒಂದೇ ಹಲ್ಲು ಕಡಿಮೆ ಮಾಡಿ 12 ಹಾಕಿದರೆ ಅನುಪಾತ 3.25 ಆಗುತ್ತದೆ. ಎಳೆತದಲ್ಲಿ ಎಂಟು ಶೇಕಡಾ ಏರಿಕೆ. ಹಿಂದಿನಿಂದ ಅಷ್ಟೇ ಬದಲಾವಣೆ ಪಡೆಯಬೇಕಾದರೆ 42 ಹಲ್ಲು ಬೇಕು (3.23). ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕೆ ಸಮ ಎಂಬ ಅಂದಾಜು ಬಹಳಷ್ಟು ಬೈಕಿಗೆ ಹೊಂದುತ್ತದೆ. ಮುಂದಿನದು ಅಗ್ಗವೂ ಹೌದು. ಹಾಗಾಗಿ ಯಾರು ಕೇಳಿದರೂ ನನ್ನ ಉತ್ತರ ಒಂದೇ: ಮೊದಲು ಮುಂದೆ ಒಂದು ಹಲ್ಲು ಇಳಿಸಿ, ಒಂದು ತಿಂಗಳು ಓಡಿಸಿ, ಮತ್ತೆ ಮಾತಾಡೋಣ.

ಈ ಎಂಟು ಶೇಕಡಾ ಡಾಮರು ರಸ್ತೆಯಲ್ಲಿ ಏನು ಮಾಡುತ್ತದೆ? ನೀವು 60ರಲ್ಲಿ ಹೋಗುವಾಗ ಇಂಜಿನ್ ಮೊದಲು 65ರಲ್ಲಿ ತಿರುಗುತ್ತಿದ್ದಷ್ಟು ತಿರುಗುತ್ತದೆ. ಚೆರ್ಕಳದಿಂದ ಮುಳ್ಳೇರಿಯಕ್ಕೆ ಬರುವಾಗ ಅದು ಗೊತ್ತೂ ಆಗಲಿಕ್ಕಿಲ್ಲ. ನಾನು ಹುಮ್ಮಸ್ಸಿನಲ್ಲಿ ಒಮ್ಮೆಲೇ 12/45 ಹಾಕಿಸಿಕೊಂಡವ. ಅನುಪಾತ 3.75. ಗುಡ್ಡೆಯಲ್ಲಿ ಗಾಡಿ ಆಡಿನಂತೆ ಹತ್ತಿತು, ಸುಳ್ಳು ಹೇಳುವುದಿಲ್ಲ. ಆದರೆ ಹೆದ್ದಾರಿಯಲ್ಲಿ ಕುಂಬಳೆಗೆ ಹೋಗುವಾಗ 60ಕ್ಕೇ ಇಂಜಿನ್ 75ರ ಕೂಗು ಕೂಗುತ್ತಿತ್ತು. ಹಿಂದೆ ಬಂದ ಬಸ್ಸಿನವನ ಹಾರ್ನು ಕಿವಿಗೆ, ಹ್ಯಾಂಡಲಿನ ನಡುಕ ಅಂಗೈಗೆ. ಪೆಟ್ರೋಲಿನ ಖರ್ಚು ಹೇಳದಿದ್ದರೇ ಒಳ್ಳೆಯದು. ಮೂರು ವಾರದಲ್ಲಿ ತೆಗೆಸಿದೆ. ಗುಡ್ಡೆಯಲ್ಲಿ ಓಡುವುದು ಮೂರು ಕಿಲೋಮೀಟರ್, ಡಾಮರಿನಲ್ಲಿ ಇಪ್ಪತ್ತು ಎಂದಾದರೆ ಆ ಇಪ್ಪತ್ತರ ಮಾತನ್ನೂ ಕೇಳಬೇಕಾಗುತ್ತದೆ.

ಇಳಿಜಾರಿನಲ್ಲಿ ಇನ್ನೊಂದು ವ್ಯತ್ಯಾಸ ಸಿಗುತ್ತದೆ. ಅನುಪಾತ ಏರಿಸಿದರೆ ಇಂಜಿನ್ ತಾನೇ ಗಾಡಿಯನ್ನು ಹೆಚ್ಚು ಹಿಡಿದುಕೊಳ್ಳುತ್ತದೆ. ಒಣ ಮಣ್ಣಿನಲ್ಲಿ ಇದು ವರ. ಜೂನಿನ ನಂತರ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಮಾತ್ರ ಆಕ್ಸಿಲರೇಟರ್ ಒಮ್ಮೆಲೇ ಬಿಟ್ಟರೆ ಬ್ರೇಕ್ ಒತ್ತದೆಯೂ ಹಿಂದಿನ ಚಕ್ರ ಜಾರುತ್ತದೆ.

ಹಾಗಾದರೆ ಮುಂದೆ 11 ಯಾಕೆ ಬೇಡ? ಸ್ಪ್ರಾಕೆಟ್ ಸಣ್ಣದಾದಷ್ಟೂ ಚೈನ್ ಅದರ ಸುತ್ತ ಬಿಗಿಯಾಗಿ ಬಾಗಬೇಕು. ಪ್ರತಿ ಕೊಂಡಿಯೂ ಹೆಚ್ಚು ತಿರುಗಿ ಬೇಗ ಸವೆಯುತ್ತದೆ. ಚೈನ್ ಕೆಳಗಿಳಿದು, ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ಮೇಲಿರುವ ರಬ್ಬರ್ ಪಟ್ಟಿಯನ್ನು ತಿನ್ನಲು ಶುರುಮಾಡುತ್ತದೆ, ಪಟ್ಟಿ ಮುಗಿದರೆ ಮುಂದಿನ ಸರದಿ ಸ್ವಿಂಗ್ ಆರ್ಮಿನದೇ. 12ಕ್ಕಿಂತ ಕೆಳಗೆ ಇಳಿಯಬೇಡಿ. ಹಿಂದಿನದನ್ನು ದೊಡ್ಡದು ಮಾಡಿದರೆ ಈ ತೊಂದರೆ ಇಲ್ಲ, ಆದರೆ ದೊಡ್ಡ ತಟ್ಟೆ ಕಲ್ಲಿಗೆ ಬಡಿಯುವ ಸಾಧ್ಯತೆ ಹೆಚ್ಚು, ಚೈನೂ ಉದ್ದ ಬೇಕು.

ಒಂದು ಸಣ್ಣ ಕುತೂಹಲ: ಮುಂದಿನ ಸ್ಪ್ರಾಕೆಟಿನಲ್ಲಿ 13, 15ರಂಥ ಬೆಸ ಸಂಖ್ಯೆ ಹೆಚ್ಚಾಗಿ ಕಾಣುವುದಕ್ಕೆ ಕಾರಣವಿದೆ. 120 ಕೊಂಡಿಯ ಚೈನಿಗೆ 12 ಹಲ್ಲು ಹಾಕಿದರೆ, ಪ್ರತಿ ಸುತ್ತಿನಲ್ಲೂ ಅದೇ ಕೊಂಡಿ ಅದೇ ಹಲ್ಲಿನ ಮೇಲೆ ಬಂದು ಕೂರುತ್ತದೆ. 13 ಆದರೆ ಕೊಂಡಿಗಳು ಹಲ್ಲು ಬದಲಿಸುತ್ತಾ ಹೋಗುತ್ತವೆ, ಸವೆತ ಎಲ್ಲಕ್ಕೂ ಹಂಚಿಹೋಗುತ್ತದೆ. ಇದಕ್ಕಾಗಿ 12 ಬೇಡ ಎನ್ನುವಷ್ಟು ದೊಡ್ಡ ವಿಷಯ ಇದಲ್ಲ.

ಸ್ಟೀಲೋ ಅಲ್ಯೂಮಿನಿಯಮ್ಮೋ

ಹಿಂದಿನ ಸ್ಪ್ರಾಕೆಟ್ ಅಲ್ಯೂಮಿನಿಯಮ್‌ನದು ಹಗುರ, ಬಣ್ಣವೂ ಚೆಂದ. ನಮ್ಮ ಮಣ್ಣಿಗೆ ಅದು ಆಗಿಬರುವುದಿಲ್ಲ. ಮುರಮಣ್ಣಿನ ಹರಳು ನೀರಿನೊಂದಿಗೆ ಸೇರಿದರೆ ಅರೆಯುವ ಕಲ್ಲಿನ ಕೆಲಸ ಮಾಡುತ್ತದೆ. ರೇಸಿನವರು ಆಗಾಗ ಬದಲಿಸುತ್ತಾರೆ, ನಮಗೆ ಅದು ಪೂರೈಸುವುದಿಲ್ಲ. ಸ್ಟೀಲ್ ತೆಗೆದುಕೊಳ್ಳಿ.

ಚೈನಿನ ಅಂಕಿ ಓದುವುದು

ಚೈನಿನ ಪಕ್ಕದ ತಗಡಿನ ಮೇಲೆ 428, 520, 525 ಎಂದೇನಾದರೂ ಬರೆದಿರುತ್ತದೆ. ಮೊದಲ ಅಂಕಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ, ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ. 4 ಎಂದರೆ ಅರ್ಧ ಇಂಚು, 12.7 ಮಿ.ಮೀ. 5 ಎಂದರೆ 15.875 ಮಿ.ಮೀ. ಉಳಿದೆರಡು ಅಂಕಿ ಒಳಗಿನ ಅಗಲ ಹೇಳುತ್ತವೆ. 520ರದು 6.35 ಮಿ.ಮೀ., 525ರದು 7.94. ಸ್ಪ್ರಾಕೆಟ್ ಎರಡೂ, ಚೈನೂ ಒಂದೇ ಅಂಕಿಯದಾಗಿರಬೇಕು. 428ರ ಚೈನನ್ನು 520ರ ಹಲ್ಲಿಗೆ ಕೂರಿಸಲು ಬರುವುದಿಲ್ಲ, ಅಂಗಡಿಯಲ್ಲಿ "ಆಗ್ತದೆ, ಕೊಂಡುಹೋಗಿ" ಎಂದರೂ ನಂಬಬೇಡಿ. ಕಂಪನಿ ಕೊಟ್ಟ ಅಂಕಿಯಲ್ಲೇ ಇರುವುದು ಕ್ಷೇಮ.

ಇನ್ನು ಓ-ರಿಂಗ್ ಚೈನ್ ಬೇಕೋ ಸಾದಾ ಬೇಕೋ ಎಂಬುದು. ಓ-ರಿಂಗ್ ಚೈನಿನಲ್ಲಿ ಪಿನ್ ಮತ್ತು ಬುಷ್ (ಪಿನ್ ಒಳಗೆ ತಿರುಗುವ ಸಣ್ಣ ಕೊಳವೆ) ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಎರಡೂ ಬದಿಗೆ ಸಣ್ಣ ರಬ್ಬರ್ ಉಂಗುರ ಹಾಕಿ ಮುಚ್ಚಿರುತ್ತಾರೆ. ಎಕ್ಸ್-ರಿಂಗ್ ಎಂಬುದು ಅದರ ತಮ್ಮ, ಉಜ್ಜಾಟ ಸ್ವಲ್ಪ ಕಡಿಮೆ, ಬೆಲೆ ಸ್ವಲ್ಪ ಹೆಚ್ಚು. ಸಾದಾ ಚೈನ್ ಹಗುರ, ಆದರೆ ತೋಡು ದಾಟಿದ ಪ್ರತಿ ಸಲವೂ ನೀರು ಮಣ್ಣು ನೇರ ಪಿನ್ನಿನವರೆಗೆ ಹೋಗುತ್ತದೆ. ಮಳೆಗಾಲವೇ ನಾಲ್ಕು ತಿಂಗಳಿರುವ ಊರಿನಲ್ಲಿ ರಿಂಗ್ ಇರುವುದಕ್ಕೆ ಕೊಡುವ ದುಡ್ಡು ವ್ಯರ್ಥವಲ್ಲ. ರೋಲಾನ್ ಚೈನ್ ಕೊಯಮತ್ತೂರಿನ ಕಂಪನಿಯದು, ಡಿಐಡಿ ಜಪಾನಿನದು. ಪೊಟ್ಟಣದ ಮೇಲಿನ ಹೆಸರಿಗಿಂತ ಅಸಲಿಯೋ ನಕಲಿಯೋ ಎಂಬುದೇ ದೊಡ್ಡ ಪ್ರಶ್ನೆ, ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಉದ್ದ? ಹಿಂದೆ ಒಂದು ಹಲ್ಲು ಹೆಚ್ಚಾದರೆ, 520 ಚೈನಿನಲ್ಲಿ ಹಿಂದಿನ ಚಕ್ರದ ಆಕ್ಸಲ್ ಸುಮಾರು 4 ಮಿ.ಮೀ. ಮುಂದೆ ಬರಬೇಕು. ಮೂರು ಹಲ್ಲಿಗೆ 12 ಮಿ.ಮೀ. ಸ್ವಿಂಗ್ ಆರ್ಮಿನ ಸೀಳಿನಲ್ಲಿ ಅಷ್ಟು ಜಾಗ ಉಂಟೋ ನೋಡಿ. ಇಲ್ಲದಿದ್ದರೆ ಎರಡು ಕೊಂಡಿ ಉದ್ದದ ಚೈನ್ ತನ್ನಿ. ಕೊಂಡಿಗಳು ಸಮಸಂಖ್ಯೆಯಲ್ಲೇ ಇರುವುದರಿಂದ ಒಂದೇ ಕೊಂಡಿ ಸೇರಿಸಲು ಆಗದು. ಮುಂದೆ ಒಂದು ಹಲ್ಲು ಇಳಿಸಿದರೆ ಆಕ್ಸಲ್ ಅಷ್ಟೇ ಹಿಂದಕ್ಕೆ ಹೋಗುತ್ತದೆ, ಚೈನ್ ಹಳೆಯದಾಗಿ ಎಳೆದುಕೊಂಡಿದ್ದರೆ ಆಕ್ಸಲ್ ಸೀಳಿನ ಕೊನೆಯ ಗುರುತಿಗೆ ಬಂದು ನಿಲ್ಲಬಹುದು.

ಹಳೆಯ ಚೈನ್ ಅಳೆಯುವುದೂ ಸುಲಭ. ಬಿಗಿಯಾಗಿ ಹಿಡಿದು 21 ಪಿನ್ ಎಣಿಸಿ, ಮೊದಲ ಪಿನ್ನಿನ ನಡುವಿನಿಂದ ಕೊನೆಯದರ ನಡುವಿಗೆ ಟೇಪ್ ಇಡಿ. ಹೊಸ 520 ಆದರೆ 317.5 ಮಿ.ಮೀ., 428 ಆದರೆ 254. ಒಂದು ಶೇಕಡಾ ಉದ್ದವಾಗಿದ್ದರೆ, ಅಂದರೆ 520ರಲ್ಲಿ 321 ಹತ್ತಿರ ಬಂದರೆ, ಹೊಸದಕ್ಕೆ ದುಡ್ಡು ಕೂಡಿಡಲು ಶುರುಮಾಡಿ. ಕಬ್ಬಿಣ ಹಿಗ್ಗಿದ್ದಲ್ಲ ಅದು, ಒಳಗೆ ಪಿನ್ನೂ ಬುಷ್ಷೂ ಸವೆದದ್ದು. ಸ್ಪ್ರಾಕೆಟಿನ ಹಲ್ಲು ಕತ್ತಿಯ ಮೂತಿಯಂತೆ ಒಂದು ಕಡೆ ಬಾಗಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸಿ. ಹೊಸ ಚೈನಿಗೆ ಹಳೆಯ ಹಲ್ಲು ಜೋಡಿಸಿದರೆ ಹೊಸದೂ ಬೇಗ ಹಳೆಯದರ ದಾರಿ ಹಿಡಿಯುತ್ತದೆ.

ಜೋಡಿಸುವಾಗ

ಕೆಲವು ಗಾಡಿಗಳಲ್ಲಿ ಮುಂದಿನ ಸ್ಪ್ರಾಕೆಟ್ ಒಂದು ದೊಡ್ಡ ನಟ್ಟಿನಲ್ಲಿ, ಕೆಲವದರಲ್ಲಿ ಎರಡು ಸಣ್ಣ ಬೋಲ್ಟು ಮತ್ತು ಲಾಕ್ ತಗಡಿನಲ್ಲಿ ನಿಂತಿರುತ್ತದೆ. ಚೈನ್ ಬಿಚ್ಚುವ ಮೊದಲೇ ಇದನ್ನು ಸಡಿಲಿಸಿ. ಒಬ್ಬರು ಹಿಂದಿನ ಬ್ರೇಕ್ ಒತ್ತಿ ನಿಂತರೆ ಸ್ಪ್ರಾಕೆಟ್ ಕೂತ ಶಾಫ್ಟ್ ತಿರುಗುವುದಿಲ್ಲ. ಚೈನ್ ತೆಗೆದ ಮೇಲೆ ನೆನಪಾದರೆ ನಟ್ಟು ತಿರುಗಿಸಿದಷ್ಟೂ ಶಾಫ್ಟೂ ಜತೆಗೆ ತಿರುಗುತ್ತಿರುತ್ತದೆ. ಕವರಿನೊಳಗೆ ಸೇರಿಕೊಂಡ ಅಡಿಕೆ ಸೋಗೆಯ ನಾರು, ಹುಲ್ಲು, ಒಣಗಿದ ಮಣ್ಣು ಎಲ್ಲ ಕೆರೆದು ತೆಗೆಯಿರಿ. ಹುಲ್ಲು ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲ್ ಹಾಳುಮಾಡಿದ್ದನ್ನು ಕಂಡಿದ್ದೇನೆ.

ಚೈನಿನ ಎರಡು ತುದಿ ಸೇರಿಸುವ ಕೊಂಡಿ, ಅಂದರೆ ಚೈನ್ ಲಾಕ್, ಕ್ಲಿಪ್ ಇರುವುದಾದರೆ, ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ತಿರುಗಿಸಿ ಹಾಕಿದರೆ ಕಲ್ಲಿಗೋ ಪೊದೆಗೋ ತಾಗಿ ಕಳಚಿಹೋದೀತು. ಒಂದು ಹೆಚ್ಚುವರಿ ಲಾಕ್ ಚೀಲದಲ್ಲಿರಲಿ. ಬಂದಡ್ಕದ ಆಚೆ ಕಾಡಿನ ದಾರಿಯಲ್ಲಿ ಅಂಗಡಿ ಹುಡುಕುತ್ತಾ ಹೋಗಲಾಗದು.

ಸಡಿಲ ಇಡುವುದರಲ್ಲೇ ಹೆಚ್ಚಿನವರು ತಪ್ಪುವುದು. ಗುಡ್ಡೆಯ ಗಾಡಿಗೆ ಸಸ್ಪೆನ್ಷನ್ ಓಡಾಟ ಜಾಸ್ತಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಬುಡ, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ ಆಗುತ್ತದೆ. ಇಬ್ಬರನ್ನು ಸೀಟಿನ ಮೇಲೆ ಕೂರಿಸಿ ಆ ಗೆರೆಗೆ ತಂದು, ಆಗಲೂ ಚೈನಿನಲ್ಲಿ ಬೆರಳಿಗೆ ಸಿಗುವಷ್ಟು ಆಟ ಇದೆಯೇ ನೋಡಿ. ಸ್ಟ್ಯಾಂಡಿನಲ್ಲಿ ಎಷ್ಟು ಸಡಿಲ ಇರಬೇಕೆಂಬ ಅಂಕಿ ಮ್ಯಾನುವಲಿನಲ್ಲಿದೆ. ಚಕ್ರ ತಿರುಗಿಸುತ್ತಾ ಅತಿ ಬಿಗಿಯಾಗುವ ಜಾಗ ಹುಡುಕಿ ಅಲ್ಲೇ ಅಳೆಯಿರಿ. ಬಿಗಿಯಾದ ಚೈನ್ ಮುಂದಿನ ಬೇರಿಂಗನ್ನು ಕೊಲ್ಲುತ್ತದೆ, ಅದರ ಮುಂದೆ ಚೈನಿನ ಬೆಲೆ ಏನೂ ಅಲ್ಲ.

ತೊಳೆಯಲು ಸೀಮೆಎಣ್ಣೆ, ಇಲ್ಲವಾದರೆ ಡೀಸೆಲ್, ಮೆತ್ತಗಿನ ಬ್ರಶ್. ಪೆಟ್ರೋಲ್ ಉಂಗುರದ ರಬ್ಬರನ್ನು ಹಾಳುಮಾಡುತ್ತದೆ. ಒಣಗಿದ ಮೇಲೆ 90ರ ಗೇರ್ ಆಯಿಲ್ ಒಳಬದಿಗೆ ಹನಿಸಿ, ಹೆಚ್ಚಾದದ್ದು ಒರೆಸಿ. ಫೆಬ್ರವರಿ ಮಾರ್ಚಿನ ಕೆಂಪು ಧೂಳಿನಲ್ಲಿ ಗ್ರೀಸ್ ಬಳಿದರೆ ಧೂಳೆಲ್ಲ ಅಂಟಿ ಅರೆಯತೊಡಗುತ್ತದೆ, ಆಗ ಎಣ್ಣೆ ಕಡಿಮೆಯೇ ಇರಲಿ.

ಮುಳ್ಳೇರಿಯದ ಹುಡುಗ ಕೊನೆಗೆ ಮುಂದೆ ಒಂದು ಹಲ್ಲು ಮಾತ್ರ ಇಳಿಸಿಕೊಂಡ. ಮೊನ್ನೆ ಸಿಕ್ಕಿದಾಗ ಎಡಗೈ ತೋರಿಸಿ ನಕ್ಕ. "ಈಗ ಬಲಗೈ ನೋಯುತ್ತದೆ ಅಣ್ಣಾ, ಆಕ್ಸಿಲರೇಟರ್ ಬಿಡಲು ಮನಸ್ಸೇ ಬರುವುದಿಲ್ಲ."